ಏಳನೆಯ ಗುಂಡಿಗೆ ನೇರ ಹೊಡೆಯಬೇಡಿ

ರಾಮದುರ್ಗ
20 ಆಗಸ್ಟ್ 2025, ಬುಧವಾರ

ಕಲ್ಮೇಶ ಅವರಿಗೆ,

ರಾಜೇಶ್ವರಿಯ ನಮಸ್ಕಾರ.

ಮೇಲಿನ ಎರಡು ಸಾಲನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಹತ್ತನೆಯ ತರಗತಿಗೆ ಪತ್ರಲೇಖನ ಕಲಿಸುವವಳು ನಾನು. ತಂದೆಗೆ ತೀರ್ಥರೂಪು, ಕಿರಿಯರಿಗೆ ಚಿರಂಜೀವಿ, ಕಚೇರಿಗೆ ಮಾನ್ಯರೇ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಆರು ವರ್ಷದಿಂದ ಬೇರೆ ಊರಲ್ಲಿರುವ ಗಂಡನಿಗೆ ಏನೆಂದು ಬರೆಯಬೇಕೆಂದು ಯಾವ ವ್ಯಾಕರಣದ ಪುಸ್ತಕವೂ ಹೇಳುವುದಿಲ್ಲ. ಕೊನೆಗೆ ಹೆಸರನ್ನೇ ಬರೆದೆ. ಅತ್ತೆಯವರು ಇದ್ದಿದ್ದರೆ ಗಂಡನ ಹೆಸರು ಬರೆದಳೆಂದು ಎರಡು ದಿನ ಮಾತು ಬಿಡುತ್ತಿದ್ದರು.

ಹೋದ ಬುಧವಾರ ನಿಮ್ಮ ದಪ್ಪ ಲಕೋಟೆ ಶಾಲೆಗೆ ಬಂತು. ಹೆಡ್ ಮಾಸ್ತರರು ಕೈಗೆ ಕೊಡುವಾಗ ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು. ಕೋರ್ಟಿನ ನೋಟೀಸೇ ಬಂತೆಂದು ನಾನೂ ಅಂದುಕೊಂಡೆ. ಒಡೆದು ನೋಡಿದರೆ ಹದಿನಾಲ್ಕು ಹಾಳೆ ಗಾಲ್ಫ್ ಆಟ. 'ನಮ್ಮ ಮೈದಾನದ ಒಂಬತ್ತು ಗುಂಡಿಗಳನ್ನು ಆಡುವ ಬಗೆ' ಎಂದು ತಲೆಬರಹ. ಜತೆಗೊಂದು ಚೀಟಿ: ಕ್ಲಬ್ಬಿನವರು ಕನ್ನಡದಲ್ಲಿ ಕೈಪಿಡಿ ಅಚ್ಚು ಹಾಕಿಸುತ್ತಿದ್ದಾರೆ, ಕಾಗುಣಿತ ತಿದ್ದಿ ಕಳಿಸು, ಕೆಳಗಿನ ಕಾಗದಕ್ಕೂ ಸಹಿ ಮಾಡು, ಅವಸರವಿದೆ. ಕೆಳಗಿನ ಕಾಗದವೆಂದರೆ ಹೊಲದ ಹೊಸ ಕರಾರು ಪತ್ರ. ನಾನು ಸಹಿ ಮಾಡಬೇಕಾದ ಮೂರು ಜಾಗದಲ್ಲಿ ಪೆನ್ಸಿಲ್ಲಿನ ಗುರುತು.

ಆರು ವರ್ಷ ಫೋನಿನಲ್ಲಿ ಊಟ ಆಯಿತೇ ಎಂದೂ ಕೇಳದವರಿಗೆ ಈಗ ನನ್ನ ಕಾಗುಣಿತದ ನೆನಪಾದದ್ದು ನನಗೆ ಸರಿ ಕಾಣಲಿಲ್ಲ. ಸವದತ್ತಿಯಲ್ಲಿ ಕನ್ನಡ ಮಾಸ್ತರರಿಗೇನು ಬರವೇ? ಚಿಕ್ಕ ಮಕ್ಕಳಿಗೆ ಬೆಲ್ಲದೊಳಗೆ ಗುಳಿಗೆ ಇಟ್ಟು ನುಂಗಿಸುತ್ತಾರಲ್ಲ, ಕೈಪಿಡಿ ಬೆಲ್ಲ, ಸಹಿ ಗುಳಿಗೆ ಎಂದು ಅಂದೇ ಲೆಕ್ಕ ಹಾಕಿದೆ. ಆದರೂ ಓದಿದೆ. ತಪ್ಪಿದ್ದ ಕಡೆ ಕೆಂಪು ಪೆನ್ನು ತಾನಾಗಿ ಓಡುತ್ತದೆ, ಏನು ಮಾಡಲಿ.

ಶುರು ಮಾಡುವ ಮೊದಲು ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಈ ಸಲ ಎಲ್ಲವೂ ಕಾಗದದ ಮೇಲಿರಲಿ. ಮುರಗೋಡದಾಚೆಯ ನಿಮ್ಮ ಹೊಲದಲ್ಲಿ ನಾಲ್ಕು ಎಕರೆಯನ್ನು ನಿಜಗುಣಪ್ಪ ಮಾವನವರು ಮದುವೆಯ ವರ್ಷವೇ ನನ್ನ ಹೆಸರಿಗೆ ಮಾಡಿಸಿದ್ದರು. 2019ರಲ್ಲಿ ಕಂಪನಿಯವರು ಅಕ್ಕಪಕ್ಕದ ಹೊಲಗಳ ಜತೆ ಅದನ್ನೂ ಗುತ್ತಿಗೆಗೆ ಹಿಡಿದು ಗಾಲ್ಫ್ ಮೈದಾನ ಮಾಡಿದರು. ಅದರ ಹುಲ್ಲು ನೀರು ನೋಡಿಕೊಳ್ಳಲು ನಿಮ್ಮನ್ನೇ ಮೇಲ್ವಿಚಾರಕರನ್ನಾಗಿ ಮಾಡಿಕೊಂಡರು. ಆ ನಾಲ್ಕು ಎಕರೆಯಲ್ಲಿ ನಮ್ಮ ಕೂಸು ಇದೆ. ಒಂಬತ್ತು ದಿನ ಬದುಕಿದ ಮಗಳು. ಬೈಲಹೊಂಗಲದ ಆಸ್ಪತ್ರೆಯಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ನಾನು ಮಲಗಿದ್ದಾಗ ನೀವೂ ಮಾವನವರೂ ಒಯ್ದು ಮಣ್ಣು ಕೊಟ್ಟು ಬಂದಿರಿ. ಎಲ್ಲಿ ಎಂದು ಕೇಳಿದೆ. ಪಡುವಣ ಒಡ್ಡಿನ ಬೇವಿನ ಗಿಡದ ಬುಡದಲ್ಲಿ ಎಂದಿರಿ. ಗುತ್ತಿಗೆಯ ಹೊತ್ತಿನಲ್ಲೂ ಬೇವಿನ ಗಿಡಕ್ಕೆ ಯಾರೂ ಕೈ ಹಚ್ಚುವುದಿಲ್ಲ ಎಂದಿರಿ. ಆ ಮಾತನ್ನು ನಂಬಿ ಸಹಿ ಮಾಡಿದೆ. ಈಗ ಇನ್ನೂ ಹತ್ತು ವರ್ಷಕ್ಕೆ ಸಹಿ ಬೇಕಂತೆ. ಕೂಸು ಇರುವ ನೆಲ ಏನಾಗುತ್ತದೆಂದು ತಿಳಿಯದೆ ಈ ಸಲ ನಾನು ಪೆನ್ನು ಮುಟ್ಟುವುದಿಲ್ಲ. ಈ ಪತ್ರದ ವಿಷಯ ಇಷ್ಟೇ, ಉಳಿದದ್ದೆಲ್ಲ ಕಾಗುಣಿತ.

ಕಾಗುಣಿತವೇ ಮೊದಲು ಆಗಲಿ. 'ಹೊಡಿಯಿರಿ' ಎಂದು ಇಪ್ಪತ್ತೆರಡು ಕಡೆ ಬರೆದಿದ್ದೀರಿ. ಅಷ್ಟನ್ನೂ 'ಹೊಡೆಯಿರಿ' ಮಾಡಿದ್ದೇನೆ. ಮನೆಯಲ್ಲಿ ಆಡುವ ಮಾತನ್ನು ಹಾಗೆಯೇ ಹಾಳೆಗೆ ಇಳಿಸಬಾರದೆಂದು ಮದುವೆಯಾದ ಹೊಸತರಲ್ಲಿ ನಿಮ್ಮ ಸೊಸೈಟಿಯ ಅರ್ಜಿಗಳನ್ನು ತಿದ್ದುವಾಗಲೇ ಹೇಳಿದ್ದೆ. ಇಂಗ್ಲಿಷಿನಲ್ಲಿ ಹೋಲ್ ಎನ್ನುವುದಕ್ಕೆ ಗುಂಡಿ ಎಂದದ್ದು ಚೆನ್ನಾಗಿದೆ. ಚೆಂಡು ಹೊಡೆಯುವ ಸಾಧನವನ್ನು ಕೋಲು ಎಂದದ್ದೂ ಸರಿ, ಓದುವವರಿಗೆ ತಿಳಿಯುತ್ತದೆ.

ಮೊದಲನೆಯ ಗುಂಡಿಗೆ ನೀವು ಬರೆದದ್ದು: 'ಅವಸರ ಬೇಡ. ಕೋಲು ಹಿಡಿಯುವ ಮೊದಲು ಒಂದು ಚಿಟಿಕೆ ಹುಲ್ಲು ಹರಿದು ಮೇಲೆ ತೂರಿ ಗಾಳಿ ನೋಡಿ. ಶ್ರಾವಣದ ಪಡುವಣ ಗಾಳಿ ಚೆಂಡನ್ನು ಬಲಕ್ಕೆ ಒಯ್ಯುತ್ತದೆ, ಸುಗ್ಗಿಯ ಮೂಡಣ ಗಾಳಿ ಎಡಕ್ಕೆ.' ಆಟ ಶುರುವಾಗುವುದು ನಮ್ಮ ಕಣ ಇದ್ದ ಜಾಗದಿಂದ. ರಾಶಿ ತೂರುವಾಗ ನೋಡುತ್ತಿದ್ದ ಗಾಳಿಯನ್ನೇ ಅಲ್ಲಿ ನಿಂತು ಡಾಕ್ಟರರಿಗೂ ವಕೀಲರಿಗೂ ಹೇಳಿಕೊಡುತ್ತಿದ್ದೀರಿ. ಎರಡನೆಯದಕ್ಕೆ ಹಳೆಯ ಬಾವಿ ಅಡ್ಡ. 'ಬಾವಿಯನ್ನು ನೋಡಬೇಡಿ, ಬಾವಿಯಾಚೆಯ ಜಾಲಿಗಿಡ ನೋಡಿ ಹೊಡೆಯಿರಿ. ಬಾವಿ ನೋಡಿದವರ ಚೆಂಡು ಬಾವಿಗೇ ಹೋಗುತ್ತದೆ.' ಇದನ್ನು ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಗಣಿತದ ನಾಗರತ್ನಾ ಟೀಚರು ಏನೆಂದು ಕೇಳಿದರು. ಗಂಡನ ಬರವಣಿಗೆ ಎಂದರೆ ಊರೆಲ್ಲ ಸುದ್ದಿಯಾಗುತ್ತದೆಂದು ಮಕ್ಕಳ ಪ್ರಬಂಧ ಎಂದೆ.

ಮೂರನೆಯ ಗುಂಡಿಗೆ ಬಂದಾಗ ನಗು ನಿಂತಿತು. ಅಲ್ಲಿ ನೀವು ಬರೆದದ್ದನ್ನು ಒಂದಕ್ಷರ ಬಿಡದೆ ಇಲ್ಲಿ ನಕಲು ಮಾಡುತ್ತೇನೆ. 'ಇದು ಚಿಕ್ಕದು, ಮೂರು ಹೊಡೆತದಲ್ಲಿ ಮುಗಿಯಬೇಕು. ಬೇವಿನ ಟೊಂಗೆಗೆ ತಾಗಿದ ಚೆಂಡು ಬುಡಕ್ಕೇ ಬೀಳುತ್ತದೆ. ಅಲ್ಲಿಂದಲೇ ಆಡಿರಿ. ಗಿಡದ ಬುಡದಲ್ಲಿ ಬೆಂಚು ಹಾಕಿದೆ, ಕುಡಿಯುವ ನೀರಿದೆ, ಕುಳಿತು ದಣಿವಾರಿಸಿಕೊಳ್ಳಿರಿ.'

ಬೆಂಚು ಯಾರು ಹಾಕಿಸಿದರು? ಪ್ರತಿ ವರ್ಷ ಅವಳು ಹೋದ ದಿನ, ಡಿಸೆಂಬರ್ ಹದಿನೇಳಕ್ಕೆ, ನಾನು ಒಂದು ಬಟ್ಟಲು ಹಾಲು ಹುಯ್ದು ಬರುತ್ತಿದ್ದ ಬುಡ ಅದು. ಊರು ಬಿಡುವವರೆಗೆ ಐದು ವರ್ಷ ಹುಯ್ದೆ. ನೀವು ಒಡ್ಡಿನ ಮೇಲೆ ನಿಂತು ನೋಡುತ್ತಿದ್ದಿರಿ, ಒಂದು ಸಲವೂ ಹತ್ತಿರ ಬರಲಿಲ್ಲ. ಗಂಡಸರು ಅಳುವುದನ್ನು ತೋರಿಸಿಕೊಳ್ಳುವುದಿಲ್ಲವೆಂದು ಜನ ಸಮಾಧಾನ ಹೇಳಿದರು. ಈಗ ಆ ಬುಡದಲ್ಲಿ ಆಟಗಾರರು ಕಾಲು ಚಾಚಿ ಕುಳಿತು ಬಾಯಿ ಮುಕ್ಕಳಿಸಿ ಉಗುಳುತ್ತಾರೆ, ಅದಕ್ಕೆ ಆಮಂತ್ರಣ ಬರೆದವರು ನೀವು. ಹಿರಿಯರ ಗದ್ದಿಗೆಯ ಮುಂದೆ ಹಾಯುವಾಗ ಮಳೆಗಾಲದ ರಾಡಿಯಲ್ಲೂ ಚಪ್ಪಲಿ ಕೈಯಲ್ಲಿ ಹಿಡಿಯುವ ಮನುಷ್ಯ. ಇಷ್ಟು ಕಲ್ಲಾದರೇ ಎಂಬುದು ನನ್ನ ಮೊದಲ ಅನುಮಾನ. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಆ ಬುಡದಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವರು ಮಾತ್ರ ಅಲ್ಲಿ ಬೆಂಚು ಹಾಕಲು ಒಪ್ಪುತ್ತಾರೆ.

ಅಲ್ಲಿಂದ ಮುಂದೆ ಕಾಗುಣಿತ ನೋಡುವ ಕಣ್ಣಿನಿಂದ ಓದಲಿಲ್ಲ, ಪರೀಕ್ಷೆಯಲ್ಲಿ ನಕಲು ಹಿಡಿಯುವ ಕಣ್ಣಿನಿಂದ ಓದಿದೆ. ನಾಲ್ಕನೆಯದಕ್ಕೆ ಎಲ್ಲಮ್ಮನ ಗುಡ್ಡದ ಕಡೆ ಮುಖ ಮಾಡಿ ನಿಲ್ಲಲು ಹೇಳಿದ್ದೀರಿ, ಇರಲಿ. ಐದನೆಯದರ ಅಂಚಿನಲ್ಲಿ ಬೇಸಿಗೆಗೆ ಎರೆನೆಲ ಬಿರಿಯುತ್ತದೆ, ಬಿರುಕಿಗೆ ಹೋದ ಚೆಂಡಿಗೆ ಕೈ ಹಾಕಬೇಡಿ, ಚೇಳಿರುತ್ತವೆ ಎಂದಿದ್ದೀರಿ. ಆರನೆಯದರ ಹಳ್ಳ ದಾಟಲು ದೊಡ್ಡ ಕೋಲು ಬೇಕು, ಸೊಕ್ಕು ಬೇಡ ಎಂದಿದ್ದೀರಿ. ಇವುಗಳಲ್ಲಿ ಮುಚ್ಚಿಟ್ಟದ್ದು ಏನೂ ಸಿಗಲಿಲ್ಲ. ಎಂಟು, ಒಂಬತ್ತರಲ್ಲೂ ಇಲ್ಲ, ಒತ್ತಕ್ಷರದ ತಪ್ಪುಗಳಷ್ಟೇ.

ಏಳನೆಯದು ಬೇರೆ. 'ಏಳನೆಯ ಗುಂಡಿಗೆ ನೇರ ಹೊಡೆಯಬೇಡಿ. ಎದುರಿಗೆ ಕಾಣುತ್ತದೆ, ಹತ್ತಿರವೇ ಇದೆ ಎನಿಸುತ್ತದೆ, ಆದರೂ ಬೇಡ. ಮೊದಲು ಎಡಕ್ಕೆ ಒಡ್ಡಿನ ಕಡೆ ಹೊಡೆಯಿರಿ, ಅಲ್ಲಿಂದ ಬಲಕ್ಕೆ ತಿರುಗಿರಿ. ಒಂದು ಹೊಡೆತ ಹೆಚ್ಚಾದರೆ ಆಗಲಿ. ನಡುವೆ ಬಿಳಿ ಸುಣ್ಣದ ಗೆರೆ ಎಳೆದಿರುವುದು ದುರಸ್ತಿಯಲ್ಲಿರುವ ನೆಲ. ಅದರೊಳಗೆ ಬಿದ್ದ ಚೆಂಡನ್ನು ಹುಡುಕಲು ಹೋಗಬೇಡಿ. ಹೊರಗೆ ಬೇರೆ ಚೆಂಡು ಇಟ್ಟು ಆಡಿರಿ, ದಂಡವಿಲ್ಲ. ಕುಣಿಯಿಂದ ಇಪ್ಪತ್ತು ಹೆಜ್ಜೆ ದೂರ ಇರಿ.'

ದುರಸ್ತಿಯಲ್ಲಿರುವ ನೆಲ ಎಂಬುದು ಆ ಆಟದ ನಿಯಮದಲ್ಲೇ ಇದೆಯೆಂದು ಶಾಲೆಯ ಕಂಪ್ಯೂಟರಿನಲ್ಲಿ ನೋಡಿದೆ. ಹುಲ್ಲು ಸತ್ತರೆ, ಪೈಪು ಒಡೆದರೆ ಸ್ವಲ್ಪ ದಿನ ಗೆರೆ ಎಳೆದು ಬಿಡುತ್ತಾರಂತೆ. ಸ್ವಲ್ಪ ದಿನ. ಅಚ್ಚಾಗುವ ಕೈಪಿಡಿಯಲ್ಲಿ ಯಾರಾದರೂ ಸ್ವಲ್ಪ ದಿನದ ದುರಸ್ತಿಯನ್ನು ಬರೆಯುತ್ತಾರೆಯೇ? ಅದು ಎಂದೂ ಮುಗಿಯುವ ದುರಸ್ತಿಯಲ್ಲ ಎಂದು ಬರೆಯುವವರಿಗೆ ಗೊತ್ತಿರಬೇಕು.

ಮತ್ತೆ ಆ ಕೊನೆಯ ಸಾಲು. ಹದಿನಾಲ್ಕು ಹಾಳೆಯಲ್ಲಿ ಗುಂಡಿ ಎಂಬ ಮಾತು ನಲವತ್ತೊಂದು ಸಲ ಬಂದಿದೆ, ಎಣಿಸಿದ್ದೇನೆ. ಕುಣಿ ಎಂಬುದು ಒಂದೇ ಸಲ. ಬೇರೆ ಯಾರಾದರೂ ತಿದ್ದಿದ್ದರೆ ಕುಣಿ ಹೊಡೆದುಹಾಕಿ ಗುಂಡಿ ಎಂದು ಬರೆದು ಮುಂದೆ ಹೋಗುತ್ತಿದ್ದರು. ಗುಂಡಿಗೆ ಚೆಂಡು ಹಾಕುವುದೇ ಆಟವಾಗಿರುವಾಗ ಗುಂಡಿಯಿಂದ ದೂರ ಇರಿ ಎಂದರೇನು ಅರ್ಥ ಎಂದೂ ಅವರು ಕೇಳುತ್ತಿರಲಿಲ್ಲ. ನಾನು ನಿಮ್ಮ ಮನೆಯಲ್ಲಿ ಬಾಳಿದವಳು. ಮದುವೆಯಾಗಿ ಬಂದ ತಿಂಗಳು ಹಿತ್ತಲಲ್ಲಿ ನುಗ್ಗೆ ಹಚ್ಚಲು ಒಂದು ಕುಣಿ ತೋಡಿಸೋಣವೇ ಎಂದು ಕೇಳಿದ್ದಕ್ಕೆ ಅತ್ತೆ ತಂಗೆವ್ವ ನನ್ನ ಬಾಯಿ ಮುಚ್ಚಿದ್ದರು. ರಾಮದುರ್ಗದ ಕಡೆ ಹೇಗೋ ಗೊತ್ತಿಲ್ಲ, ಈ ಮನೆಯಲ್ಲಿ ಗಿಡಕ್ಕೆ ತೆಗೆದರೆ ತಗ್ಗು, ನೀರಿಗೆ ತೆಗೆದರೆ ಗುಂಡಿ, ಕುಣಿ ಎನ್ನುವುದು ಮಣ್ಣು ಕೊಡುವಾಗ ಮಾತ್ರ ಎಂದು ತಾಕೀತು ಮಾಡಿದ್ದರು. ಆ ಮನೆಯಲ್ಲಿ ಹುಟ್ಟಿ ಬೆಳೆದವರು ನೀವು. ಆ ಮಾತು ನಿಮ್ಮ ಪೆನ್ನಿಗೆ ಸುಮ್ಮನೆ ಬರುವುದಿಲ್ಲ.

ಇಲ್ಲಿಯವರೆಗೆ ಮೇಜಿನ ಮುಂದೆ ಕುಳಿತು ಪತ್ತೆ ಹಚ್ಚಿದವಳಂತೆ ಬರೆದೆ. ನಿಜ ಹೇಳುತ್ತೇನೆ. ನಾನು ಮೊನ್ನೆ ಸೋಮವಾರ ಅಲ್ಲಿಗೆ ಬಂದಿದ್ದೆ. ಸೋಮವಾರ ಮೈದಾನಕ್ಕೆ ರಜೆ, ನೀವು ಹುಲ್ಲು ಕತ್ತರಿಸುವ ಯಂತ್ರದ ಸಾಮಾನಿಗೆ ಬೆಳಗಾವಿಗೆ ಹೋಗುತ್ತೀರೆಂದು ತಿಳಿದುಕೊಂಡೇ ಬಂದೆ. ರಜೆ ಚೀಟಿಯಲ್ಲಿ ಶ್ರಾವಣದ ಕೊನೆಯ ಸೋಮವಾರ, ದೇವರ ಕೆಲಸ ಎಂದು ಬರೆದಿದ್ದೆ. ಮೊದಲ ಬಸ್ಸಿಗೆ ಸವದತ್ತಿ, ಅಲ್ಲಿಂದ ಮುರಗೋಡ. ಗೇಟಿನಲ್ಲಿ ಕಾವಲಿನ ಮಾಂತೇಶ ಗುರುತು ಹಿಡಿದು ಎದ್ದು ನಿಂತ. ನಿಮಗೆ ಹೇಳಬಾರದೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ, ಹೇಳಿಯೇ ಇರುತ್ತಾನೆ.

ಕೈಯಲ್ಲಿ ನಿಮ್ಮ ಹಾಳೆ ಹಿಡಿದು ಒಂದನೆಯದರಿಂದ ನಡೆದೆ. ನೀವು ಬರೆದ ಹಾಗೆಯೇ ಹುಲ್ಲು ಹರಿದು ತೂರಿದೆ, ಬಲಕ್ಕೇ ಹಾರಿತು. ಬೇವಿನ ಬುಡದ ಬೆಂಚನ್ನೂ ನೋಡಿದೆ. ಕುಳಿತುಕೊಳ್ಳಲಿಲ್ಲ. ಏಳನೆಯದಕ್ಕೆ ಬರುವ ಹೊತ್ತಿಗೆ ಬಿಸಿಲು ಬಂದಿತ್ತು. ನಡುಹೊಲದಲ್ಲಿ ಒಂದು ಜಾಗ, ಸುತ್ತ ಸುಣ್ಣದ ಗೆರೆ. ಉಳಿದ ಕಡೆ ಹುಲ್ಲು ಹಜಾಮತಿ ಮಾಡಿದಂತೆ ನುಣ್ಣಗಿದ್ದರೆ ಅಲ್ಲಿ ಮೊಳಕಾಲುದ್ದ ಬೆಳೆದಿತ್ತು. ನಡುವೆ ಕಲ್ಲಿಲ್ಲ, ಗುರುತಿಲ್ಲ, ಗಿಡವಿಲ್ಲ. ಒಡೆದ ಪೈಪೂ ಇಲ್ಲ.

ಪಕ್ಕದಲ್ಲಿ ಬಾಯವ್ವ ಕಳೆ ಕೀಳುತ್ತಿದ್ದಳು. ಹೊಲವಾಗಿದ್ದಾಗ ನಮ್ಮಲ್ಲಿ ಆಳಾಗಿ ಬರುತ್ತಿದ್ದ ಅದೇ ಬಾಯವ್ವ, ಈಗ ಕ್ಲಬ್ಬಿನ ಹಸಿರು ಅಂಗಿ ಸೀರೆಯ ಮೇಲೆ ತೊಟ್ಟಿದ್ದಾಳೆ. ಈ ದುರಸ್ತಿ ಯಾವಾಗ ಮುಗಿಯುತ್ತದೆ ಎಂದು ನಾನು ಏನೂ ತಿಳಿಯದವಳ ಹಾಗೆ ಕೇಳಿದೆ. ಅವಳು ಕುರ್ಪಿ ಕೆಳಗಿಟ್ಟಳು. ಆಮೇಲೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಇದನ್ನು ತಿದ್ದಲಾರೆ. ಅವಳ ಬಾಯಲ್ಲಿ ಧಣ್ಯಾರೆಂದರೆ ನೀವು.

"ಅಕ್ಕಾರ, ಜ್ವಾಳ ಬಿತ್ತೂವಾಗ ಧಣ್ಯಾರು ಇಲ್ಲಿಗೆ ಬಂದಕೂಡ್ಲೇ ಕೂರಿಗಿ ಎತ್ತಿ ಹಿಡೀತಿದ್ರು. ಒಂದು ಚಾಪಿಯಷ್ಟು ನೆಲ ಬೀಳು ಬಿಡತಿದ್ರು. ಯಾಕ್ರೀ ಅಂದ್ರ ಹಕ್ಕಿಗೆ ಅಂತಿದ್ರು. ಹಕ್ಕಿಗೆ ಬಿಡೂದಾದ್ರ ಕಾಳು ಬಿಡಬೇಕಲ್ರಿ, ಬರೇ ನೆಲಾ ಯಾಕ ಬಿಡತಾರ?"

ನಾನು ಊರು ಬಿಟ್ಟ ವರ್ಷ ದೀಪಾವಳಿಯಾದ ಮೇಲೆ ನೆಲ ಮಟ್ಟ ಮಾಡಲು ಜೇಸಿಬಿ ಬಂತಂತೆ. ಅದು ಆ ಜಾಗಕ್ಕೆ ಬಂದಾಗ ನೀವು ಎದುರಿಗೆ ಹೋಗಿ ನಿಂತಿರಂತೆ. ಡ್ರೈವರ್ ಹಾರ್ನ್ ಹೊಡೆದರೂ ಸರಿಯಲಿಲ್ಲವಂತೆ. ಮ್ಯಾನೇಜರ್ ಮಿಲಿಂದ ಸಾಹೇಬರು ಓಡಿ ಬಂದು ಕೇಳಿದ್ದಕ್ಕೆ, ಕೆಳಗೆ ಅಜ್ಜನ ಕಾಲದ ಹೂತ ಬಾವಿ ಇದೆ, ಯಂತ್ರ ಕುಸಿಯುತ್ತದೆ ಎಂದಿರಂತೆ. ನಮ್ಮ ಹೊಲದಲ್ಲಿ ಇದ್ದದ್ದು ಒಂದೇ ಬಾವಿ, ಅದು ಎರಡನೆಯ ಗುಂಡಿಯ ಹತ್ತಿರ ಇದೆ. ಬಾಯವ್ವನಿಗೂ ಅದು ಗೊತ್ತು. ಅವಳು ಬಾಯಿ ಬಿಡಲಿಲ್ಲ.

ಆಗ ನನಗೆ ಆಸ್ಪತ್ರೆಯ ಸಂಜೆ ನೆನಪಾಯಿತು. ಮಣ್ಣು ಕೊಟ್ಟು ಬಂದು ನೀವು ಮಂಚದ ಹತ್ತಿರ ನಿಂತಾಗ ನಿಮ್ಮ ಮುಂಗೈ ತುಂಬ ಗೀರುಗಳಿದ್ದವು. ಬೇವಿನ ಗಿಡಕ್ಕೆ ಒಡ್ಡಿನ ಮೇಲೆ ಬಯಲು ದಾರಿ, ಅಲ್ಲಿ ಏನು ಗೀರುತ್ತದೆ? ಡಿಸೆಂಬರಿನಲ್ಲಿ ಆಳುದ್ದ ಜೋಳ ನಿಂತಿರು‍ತ್ತದೆ. ಎರಡೂ ಕೈಯಲ್ಲಿ ಏನನ್ನೋ ಎತ್ತಿಕೊಂಡು ಜೋಳದೊಳಗೆ ನಡೆದವರಿಗೆ ಎಲೆ ಹಾಗೆ ಗೀರುತ್ತದೆ. ಹೆಸರಿಡದ ಕೂಸನ್ನು ಹಿರಿಯರನ್ನು ಮಣ್ಣು ಮಾಡಿದ ಒಡ್ಡಿನ ಸಾಲಿನಲ್ಲಿ ಇಡಬಾರದೆಂದು ಮಾವನವರು ಹಟ ಹಿಡಿದಿರಬೇಕು. ನೇಗಿಲು ಹಾಯುವ ನಡುಹೊಲದಲ್ಲಿ ಇಟ್ಟು ಬಂದೆವೆಂದು ಬಾಣಂತಿಗೆ ಹೇಳಲು ನಿಮಗೆ ನಾಲಿಗೆ ಏಳಲಿಲ್ಲ. ಇದು ನನ್ನ ಊಹೆ. ತಪ್ಪಿದ್ದರೆ ನೀವು ತಿದ್ದಿರಿ, ಈ ಸಲ ಕೆಂಪು ಪೆನ್ನು ನಿಮ್ಮ ಕೈಯಲ್ಲಿರಲಿ.

ಗೆರೆಯ ಹೊರಗೆ ಚಪ್ಪಲಿ ಬಿಟ್ಟು ನಿಂತೆ. ಒಳಗೆ ಹೋಗಲಿಲ್ಲ. ಹೊರಗಿನವರಿಗೆ ಬರೆದ ನಿಯಮ ನನಗೂ ಅನ್ವಯಿಸುತ್ತದೋ ಇಲ್ಲವೋ ತಿಳಿಯಲಿಲ್ಲ. ಹನ್ನೊಂದು ವರ್ಷ ಎಂಟು ತಿಂಗಳ ಮೇಲೆ ಮೊದಲ ಸಲ ಅವಳ ಹತ್ತಿರ ನಿಂತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಬಾಯವ್ವ ಬೇರೆ ಕಡೆ ಮುಖ ಮಾಡಿ ಕಳೆ ಕಿತ್ತಳು.

ನಿಮ್ಮನ್ನು ಕ್ಷಮಿಸಿಬಿಟ್ಟೆ ಎಂದು ಇಷ್ಟಕ್ಕೇ ಅಂದುಕೊಳ್ಳಬೇಡಿ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕರಾರಿನ ಹಿಂದೆ ಹೊಲಿದಿದ್ದ ಮೈದಾನದ ಹೊಸ ನಕ್ಷೆ ಬಿಚ್ಚಿದೆ. ಅದರಲ್ಲಿ ಏಳನೆಯ ಗುಂಡಿಗೆ ದಾರಿ ನೇರವಾಗಿದೆ. ಎಡಕ್ಕೆ ಹೋಗಿ ಬಲಕ್ಕೆ ತಿರುಗುವುದು ಆಟಗಾರರಿಗೆ ಬೇಸರವಂತೆ. ನಿಮ್ಮ ಸುಣ್ಣದ ಗೆರೆಯ ಜಾಗದಲ್ಲಿ ಒಂದು ಮೊಟ್ಟೆಯಾಕಾರ ಬರೆದು, ಹೂತ ಬಾವಿ, ಐದು ಅಡಿ ಅಗೆದು ಮರಳು ತುಂಬುವುದು ಎಂದು ಇಂಜಿನಿಯರ್ ಗುರುತು ಹಾಕಿದ್ದಾರೆ. ಅವಳನ್ನು ಉಳಿಸಲು ಹೇಳಿದ ಸುಳ್ಳೇ ಅವಳನ್ನು ಅಗೆಸಲು ಹೊರಟಿದೆ. ಬಾವಿಯೆಂದು ನೀವೇ ಹೇಳಿದ ಮೇಲೆ ಅಗೆಯಬೇಡಿ ಎನ್ನಲು ನಿಮಗೆ ಬಾಯಿಲ್ಲ. ಆ ಮೊಟ್ಟೆಯ ಕೆಳಗೆ, ಒಪ್ಪಿದೆ ಎಂಬಲ್ಲಿ, ಮೇಲ್ವಿಚಾರಕರ ಸಹಿಯೂ ಇದೆ. ನಿಮ್ಮ ಸಹಿ ನನಗೆ ಗೊತ್ತಿಲ್ಲವೇ?

ಹಾಗಾದರೆ ಈ ಲಕೋಟೆಗೆ ನಾನು ಯಾವ ಅರ್ಥ ಹಚ್ಚಲಿ? ಸಹಿ ಮಾಡೆಂದು ಕಾಗದ ಕಳಿಸಿದವರೂ ನೀವೇ, ಸಹಿ ಮಾಡಬೇಡ ಎನ್ನುವಂಥ ಸಾಲು ಬರೆದವರೂ ನೀವೇ. ಕಂಪನಿಗೆ ಇಲ್ಲ ಎನ್ನಬಲ್ಲವಳು ನಾನೊಬ್ಬಳೇ ಎಂದು ನಿಮಗೆ ಗೊತ್ತು. ಬಾಯಿ ಬಿಟ್ಟು ಹೇಳಲಾರದೆ, ಇವಳು ಅಕ್ಷರ ಬಿಡುವವಳಲ್ಲ, ಹಿಡಿಯುತ್ತಾಳೆ ಎಂದು ಕುಣಿ ಎಂಬ ಮಾತನ್ನು ಅಲ್ಲಿಟ್ಟಿರಾ? ಅಥವಾ ಬರೆಯುವಾಗ ಕೈ ತಪ್ಪಿ ಬಿತ್ತೇ? ಇಟ್ಟದ್ದಾದರೆ ಇಷ್ಟು ವರ್ಷದ ಮೇಲೂ ನನ್ನೊಡನೆ ನೇರ ಮಾತಾಡದೆ ಎಡಕ್ಕೆ ಹೋಗಿ ಬಲಕ್ಕೆ ತಿರುಗಿದ್ದೀರಿ. ಬಿದ್ದದ್ದಾದರೆ ನಾನು ಹಿಡಿಯದಿದ್ದರೆ ಅವಳ ಮೇಲೆ ಮರಳು ಬೀಳುತ್ತಿತ್ತು, ನೀವು ನೋಡುತ್ತ ನಿಲ್ಲುತ್ತಿದ್ದಿರಿ. ಎರಡರಲ್ಲಿ ಯಾವುದೆಂದು ಈ ಪತ್ರ ಬರೆಯುವಾಗಲೂ ನನಗೆ ತೀರ್ಮಾನವಾಗಿಲ್ಲ. ಒಮ್ಮೆ ನಿಮ್ಮನ್ನು ನಂಬುತ್ತೇನೆ, ಚಹಾ ಆರುವುದರೊಳಗೆ ನಂಬಿಕೆ ಹೋಗುತ್ತದೆ.

ಕರಾರು ಪತ್ರ ಸಹಿಯಿಲ್ಲದೆ ವಾಪಸ್ಸು ಇಟ್ಟಿದ್ದೇನೆ. ಆ ಚಾಪೆಯಷ್ಟು ನೆಲವನ್ನು ಸರ್ವೇಯವರಿಂದ ಅಳೆಸಿ, ಗುತ್ತಿಗೆಯಿಂದ ಹೊರಗಿಟ್ಟು, ಅದು ಏನೆಂದು ಹೆಸರಿಟ್ಟು ಬರೆದ ಹೊಸ ಕಾಗದ ಬಂದರೆ ಆಗ ನೋಡೋಣ. ಕೈಪಿಡಿಯನ್ನು ಪೂರ್ತಿ ತಿದ್ದಿದ್ದೇನೆ. ಏಳನೆಯದರಲ್ಲಿ ಕುಣಿ ಎಂಬುದನ್ನು ಮುಟ್ಟಿಲ್ಲ, ಆ ಹಾಳೆಯಲ್ಲಿ ಸರಿಯಿದ್ದ ಮಾತು ಅದೊಂದೇ. ದುರಸ್ತಿಯಲ್ಲಿರುವ ನೆಲ ಎಂಬುದನ್ನು ಹೊಡೆದು ಈ ಸಾಲು ಬರೆದಿದ್ದೇನೆ: 'ಇಲ್ಲಿ ಈ ಹೊಲದವರ ಮಗಳನ್ನು ಮಣ್ಣು ಮಾಡಿದೆ.' ಹೀಗೆಯೇ ಅಚ್ಚು ಹಾಕಿಸಿರಿ. ಮಿಲಿಂದ ಸಾಹೇಬರು ಬಾವಿ ಎಲ್ಲಿ ಹೋಯಿತೆಂದು ಕೇಳುತ್ತಾರೆ. ಕೆಲಸಕ್ಕೆ ಕುತ್ತು ಬರಬಹುದು, ಅದನ್ನು ತಿಳಿದೇ ಕೇಳುತ್ತಿದ್ದೇನೆ. ಆ ಸಾಲನ್ನು ಹೊಡೆದು ಕಳಿಸಿದರೆ ನಾನು ಕೋರ್ಟಿಗೆ ಹೋಗುತ್ತೇನೆ. ಹಾಗೆಯೇ ಬಿಟ್ಟು ಕಳಿಸಿದರೆ ಅಚ್ಚಾದ ಮೊದಲ ಪ್ರತಿ ತೆಗೆದುಕೊಳ್ಳಲು ನಾನೇ ಬರುತ್ತೇನೆ, ಸೋಮವಾರವಲ್ಲ, ನೀವು ಇರುವ ದಿನ.

ಆರೋಗ್ಯ ನೋಡಿಕೊಳ್ಳಿ. ಬಿಸಿಲಿಗೆ ಟೋಪಿ ಹಾಕಿಕೊಳ್ಳುವುದಿಲ್ಲವೆಂದು ಬಾಯವ್ವ ಹೇಳಿದಳು.

ಇತಿ,
ರಾಜೇಶ್ವರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಬೇವಿನ ಗಿಡವನ್ನು ನಂಬಿ ಗುತ್ತಿಗೆಗೆ ಸಹಿ ಮಾಡಿದೆನೆಂದು ಮೇಲೆ ಬರೆದದ್ದು ಸುಳ್ಳು. 2017ರಲ್ಲಿ ತೀರಿಕೊಳ್ಳುವ ಹದಿನೈದು ದಿನ ಮೊದಲು ಅತ್ತೆ ನನ್ನ ಕೈ ಹಿಡಿದು ಹೇಳಿದ್ದರು: "ಬೇವಿನ ಬುಡಕ ಏನೂ ಇಲ್ಲವಾ. ಎಲ್ಲೈತಿ ಅನ್ನೂದು ಅವನ ಬಾಯಿಂದನ ಬರಬೇಕು, ನಾ ಹೇಳಾಂಗಿಲ್ಲ." ನಾನು ನಿಮ್ಮನ್ನು ಕೇಳಲಿಲ್ಲ. ನೀವಾಗಿ ಹೇಳಲಿ ಎಂದು ಕಾಯ್ದೆ. ಆಮೇಲೆ ಎರಡು ವರ್ಷ ಹಾಲು ಹುಯ್ದದ್ದು ಅವಳಿಗಲ್ಲ, ಒಡ್ಡಿನ ಮೇಲೆ ನಿಂತ ನಿಮಗೆ ಕಾಣಲೆಂದು. ಸವದತ್ತಿಯ ನೋಂದಣಿ ಕಚೇರಿಯಲ್ಲಿ ಪೆನ್ನು ಹಿಡಿದು ನಿಮ್ಮ ಮುಖ ನೋಡಿದೆ. ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಿರಿ. ಅವಳು ಆ ಹೊಲದಲ್ಲಿ ಎಲ್ಲಿದ್ದಾಳೆಂದು ತಿಳಿಯದೆ, ಯಂತ್ರ ಬರುತ್ತದೆಂದು ತಿಳಿದೇ, ನಿಮ್ಮ ಬಾಯಿ ಬಿಡಿಸುವ ಸಿಟ್ಟಿಗೆ ಸಹಿ ಮಾಡಿದೆ. ಅವಳನ್ನು ಯಂತ್ರದ ಮುಂದೆ ಇಟ್ಟವಳು ನಾನು. ಅಲ್ಲಿಗೆ ಹೋಗಿ ನಿಂತವರು ನೀವು.